ಎದೆಯ ಒಳಧಮನಿ: ಒಂದು ಹೆಸರಿನ ವಿಚಾರ



ಚಿತ್ತಾಪುರದಲ್ಲಿರುವ ನಮ್ಮ ಕಾಕನವರಿಗೆ ಎದೆನೋವು ಕಾಣಿಸಿಕೊಂಡು, ಪರಸ್ಥಳದ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕೆಂದು ಗೊತ್ತಾಯಿತು. ಚಿಕಿತ್ಸೆಗೆ ಮೊದಲು ರೋಗಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ವಾಡಿಕೆಯಷ್ಟೆ. ಆ ಪತ್ರವು ಕನ್ನಡದಲ್ಲಿಯೇ ಇದ್ದಿತು. ಆದರೆ ಅದರಲ್ಲಿ, 'ಎಡ ಆಂತರಿಕ ಸ್ತನ ಅಪಧಮನಿ'ಯನ್ನು ಬಳಸಲಾಗುವುದೆಂದು ಬರೆದಿತ್ತು. ಕಾಕನವರು ಶಹಾಬಾದಿನ ಹಾಸುಗಲ್ಲಿನ ವ್ಯಾಪಾರದಲ್ಲಿ ಕಾಗದಪತ್ರಗಳನ್ನು ನೋಡಿ ಪಳಗಿದವರು. ಓದದೆ ಸಹಿ ಹಾಕುವವರಲ್ಲ. ಎರಡು ಸಲ ಓದಿ, ಕನ್ನಡಕವನ್ನು ತೆಗೆದು, "ತಮ್ಮಾ, ಇದು ಹೆಂಗಸರ ನರ ಅದ. ಗಂಡಸಿಗ್ಯಾಕ ಹಾಕ್ತಾರ? ಬೇಕಾದ್ರ ಕಾಲಿನ ನರ ತಗೊಳ್ಳಲಿ, ಇದಕ್ಕ ನಾ ಸಹಿ ಮಾಡಂಗಿಲ್ಲ" ಎಂದುಬಿಟ್ಟರು.

ಎರಡು ದಿನ ಹಾಗೆಯೇ ಕಳೆಯಿತು. ನಾವು ಕಾಲೇಜಿನಲ್ಲಿ ಸಾಹಿತ್ಯವನ್ನು ಪಾಠಹೇಳುವವರು, ವೈದ್ಯರಲ್ಲ. ಹೆಸರಿನ ಅರ್ಥ ನಮಗೆ ತಿಳಿದಿತ್ತೇ ಹೊರತು ಹೆಸರುಳ್ಳ ವಸ್ತು ಎಲ್ಲಿದೆಯೆಂಬುದು ತಿಳಿದಿರಲಿಲ್ಲ. ಆಗ ಕೇಳಿ, ಓದಿ ತಿಳಿದುಕೊಂಡುದನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇವೆ.

ಹೃದಯದಿಂದ ಹೊರಟ ರಕ್ತವು ತೋಳಿಗೆ ಹೋಗುವ ಹಾದಿಯಲ್ಲಿ, ಕೊರಳೆಲುಬಿನ ಹಿಂದೆ, ಒಂದು ದೊಡ್ಡ ಧಮನಿಯುಂಟು. ಅದರಿಂದ ಕವಲೊಡೆದು ಒಂದು ಸಣ್ಣ ಧಮನಿಯು ಎದೆಗೂಡಿನ ಒಳಮೈಯಲ್ಲಿ, ನಡುವಿನ ಎದೆಯೆಲುಬಿನ ಅಂಚಿನಿಂದ ಸುಮಾರು ಒಂದು ಬೆರಳಷ್ಟು ದೂರದಲ್ಲಿ, ಪಕ್ಕೆಲುಬುಗಳ ಮೃದ್ವಸ್ಥಿಗಳ ಹಿಂದೆ ನೆಟ್ಟಗೆ ಕೆಳಗಿಳಿಯುವುದು. ಎಡಕ್ಕೊಂದು, ಬಲಕ್ಕೊಂದು. ದಾರಿಯುದ್ದಕ್ಕೂ ಪಕ್ಕೆಲುಬುಗಳ ನಡುವಣ ಸಂದುಗಳಿಗೆ ಕವಲುಗಳನ್ನು ಕೊಡುತ್ತ, ಆರನೆಯ ಸಂದಿನ ಬಳಿ ತಾನೇ ಎರಡಾಗಿ ಒಡೆದು ಹೊಟ್ಟೆಯ ಗೋಡೆಯ ಕಡೆಗೂ ವಪೆಯ ಕಡೆಗೂ ಸಾಗುವುದು. ಗಂಡಸಾಗಲಿ ಹೆಂಗಸಾಗಲಿ, ಎಲ್ಲರಲ್ಲಿಯೂ ಹೀಗೆಯೇ. ಮೇಲಣ ಸಂದುಗಳಿಂದ ಹೊರಬೀಳುವ ಕೆಲವು ಕವಲುಗಳು ಸ್ತನಕ್ಕೆ ರಕ್ತವನ್ನು ಒಯ್ಯುತ್ತವೆ. ಅಷ್ಟರಿಂದಲೇ ಇಡೀ ಧಮನಿಗೆ ಆ ಹೆಸರು ಅಂಟಿತು.

ನಮ್ಮ ಕಡೆಯ ರೈಲುಹಾದಿಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುವುದು. ಮುಂಬಯಿಯಿಂದ ಮದರಾಸಿಗೆ ಹೋಗುವ ಹಾದಿಯು ಶಹಾಬಾದನ್ನು ದಾಟಿ ವಾಡಿಗೆ ಬರುತ್ತದೆ. ವಾಡಿಯಲ್ಲಿ, 1874ರಲ್ಲಿ ನಿಜಾಮರ ಸೀಮೆಗೆಂದು ಹಾಕಿದ ಹಾದಿ ಕವಲೊಡೆದು ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುತ್ತದೆ. ನಡುವೆ 'ಮಳಖೇಡ ರೋಡ್' ಎಂಬ ನಿಲ್ದಾಣವುಂಟು. ಅದು ಮಳಖೇಡವಲ್ಲ, ಮಳಖೇಡಕ್ಕೆ ಹೋಗುವವರು ಇಳಿಯತಕ್ಕ ಸ್ಥಳ. ಆ ಒಂದು ನಿಲ್ದಾಣದಿಂದ ಇಡೀ ಹಾದಿಯನ್ನು 'ಮಳಖೇಡದ ಹಾದಿ' ಎಂದು ಕರೆದರೆ ಹೇಗಾದೀತೋ, ಈ ಧಮನಿಯನ್ನು ಸ್ತನದ ಧಮನಿಯೆನ್ನುವುದೂ ಹಾಗೆಯೇ.

ತಪ್ಪನ್ನು ತಜ್ಞರು ಅರಿಯದೆ ಇಲ್ಲ. 1895ರಲ್ಲಿ ಬಾಸೆಲ್ ನಗರದಲ್ಲಿ ಒಪ್ಪಿದ ಅಂಗರಚನೆಯ ಲ್ಯಾಟಿನ್ ಪಟ್ಟಿಯಲ್ಲಿ ಇದು ಸ್ತನದ ಹೆಸರಿನಲ್ಲಿತ್ತು. 1955ರ ಪ್ಯಾರಿಸ್ ಪಟ್ಟಿಯಲ್ಲಿ 'ಆರ್ಟೀರಿಯಾ ಥೊರಾಸಿಕಾ ಇಂಟರ್ನಾ', ಎಂದರೆ ಎದೆಗೂಡಿನ ಒಳಧಮನಿ, ಎಂದಿದೆ. ಆದರೆ ಶಸ್ತ್ರವೈದ್ಯರ ನಾಲಗೆಯಲ್ಲಿ ಹಳೆಯ ಹೆಸರೇ ಉಳಿಯಿತು. ನಮ್ಮ ಭಾಷಾಂತರಕಾರರು ಪಟ್ಟಿಯನ್ನು ನೋಡದೆ ನಾಲಗೆಯನ್ನು ನಂಬಿದರು.

ಹೆಸರು ಏನಾದರೇನು ಎಂದು ತಾವು ಕೇಳಬಹುದು. ಹೃದಯದ ಸ್ವಂತ ಧಮನಿಯು ಕಟ್ಟಿಕೊಂಡಾಗ ಕಟ್ಟಿದ ತಾಣವನ್ನು ಬಳಸಿ ಹೊಸದೊಂದು ದಾರಿಯನ್ನು ಹೊಲಿಯುತ್ತಾರೆ. ಕಾಲಿನ ಸಿರೆಯನ್ನು ತೆಗೆದು ಹೊಲಿಯಬಹುದು. ಅಥವಾ ಎದೆಯ ಈ ಒಳಧಮನಿಯ ಕೆಳತುದಿಯನ್ನು ಬಿಡಿಸಿ ಹೃದಯಕ್ಕೆ ಹೊಲಿಯಬಹುದು. ಎರಡನೆಯ ಕೆಲಸವನ್ನು 1964ರಲ್ಲಿ ಲೆನಿನ್‌ಗ್ರಾಡಿನ ವೈದ್ಯ ಕೋಲೆಸೊವ್ ಮಾಡಿತೋರಿಸಿದನು. ಕಾಲಿನ ಸಿರೆಗಳಲ್ಲಿ ಹತ್ತು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಮುಚ್ಚಿಹೋಗುವುದೋ ಕೆಡುವುದೋ ಉಂಟು. ಈ ಧಮನಿಯಾದರೋ ಹತ್ತರಲ್ಲಿ ಒಂಬತ್ತರಷ್ಟು ಮಂದಿಯಲ್ಲಿ ತೆರೆದೇ ಇರುವುದು. ಅಮೆರಿಕದ ಕ್ಲೀವ್‌ಲೆಂಡಿನ ವೈದ್ಯರು 1986ರಲ್ಲಿ, ಈ ಧಮನಿಯನ್ನು ಪಡೆದ ರೋಗಿಗಳೇ ಹೆಚ್ಚು ಕಾಲ ಬದುಕಿದರೆಂದು ಲೆಕ್ಕಹಾಕಿ ಪ್ರಕಟಿಸಿದರು. ನಮ್ಮ ಕಾಕನವರು ಒಂದು ಪದಕ್ಕೆ ನಾಚಿ ಬೇಡವೆಂದುದು ಇದನ್ನು.

ಇನ್ನು ಕನ್ನಡದಲ್ಲಿ ಏನೆನ್ನಬೇಕು? ಸಂಸ್ಕೃತಜ್ಞರಾದ ಮಿತ್ರರೊಬ್ಬರು, ಸುಶ್ರುತನು ಎದೆಯ ಮರ್ಮಗಳಿಗೆ 'ಸ್ತನಮೂಲ', 'ಸ್ತನರೋಹಿತ' ಎಂಬ ಹೆಸರುಗಳನ್ನಿಟ್ಟಿದ್ದಾನೆ, ಅವು ಗಂಡಸಿಗೂ ಸಲ್ಲುತ್ತವೆ ಎಂದು ವಾದಿಸಿದರು. ಸಂಸ್ಕೃತದಲ್ಲಿ ಸಲ್ಲಲಿ. ಸೇಡಂ ಚಿಂಚೋಳಿಗಳ ರೋಗಿಯು ಸುಶ್ರುತನನ್ನು ಓದಿಕೊಂಡು ಆಸ್ಪತ್ರೆಗೆ ಬರುವುದಿಲ್ಲ. ಆ ಮಾತು ಕನ್ನಡದ ಕಿವಿಗೆ ಹೆಣ್ಣಿನ ಅಂಗವನ್ನೇ ತೋರುವುದು. 'ವಕ್ಷ' ಎಂದರೆ ನಾಚಿಕೆ ತಪ್ಪೀತು, ಅರ್ಥವೂ ತಪ್ಪೀತು. 'ಎದೆ' ಎಂಬ ಮಾತಿರುವಾಗ ಅದೇಕೆ?

'ಧಮನಿ'ಯನ್ನು ಮಾತ್ರ ಬಿಡಬಾರದು. ಊದು ಎಂಬರ್ಥದ ಧಾತುವಿನಿಂದ ಅದು ಬಂದಿದೆಯೆಂದು ಚರಕನ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ಗ್ರೀಕರೂ ಧಮನಿಗಳಲ್ಲಿ ಗಾಳಿಯಿದೆಯೆಂದು ಬಹುಕಾಲ ನಂಬಿದ್ದರು. ಎರಡು ದೂರದ ಜನಗಳು ಒಂದೇ ತಪ್ಪನ್ನು ಮಾಡಿದುದು ನಮಗೆ ಬಹಳ ಸೊಗಸಾಗಿ ಕಂಡಿದೆ. ನಮ್ಮ ಪಠ್ಯಪುಸ್ತಕಗಳು ಶುದ್ಧರಕ್ತದ ನಾಳಕ್ಕೆ ಒಮ್ಮೆ 'ಧಮನಿ', ಒಮ್ಮೆ 'ಅಪಧಮನಿ' ಎನ್ನುತ್ತವೆ, ಮಲಿನರಕ್ತದ್ದಕ್ಕೆ 'ಅಭಿಧಮನಿ'. ಒಂದೇ ಉಪಸರ್ಗದ ಅಂತರದಿಂದ ರೋಗಿಯು ದಿಕ್ಕುಗೆಡುವನು. ಧಮನಿ, ಸಿರೆ ಎಂದರೆ ಸಾಕು. ಜನರಾದರೋ ಎರಡಕ್ಕೂ, ಸ್ನಾಯುವಿನ ಹುರಿಗೂ 'ನರ' ಎನ್ನುವರು. ಹಿಂದೆ ಹೈದರಾಬಾದಿನಲ್ಲಿ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದಾಗ, ಅಲ್ಲಿ ಕಲಿತವರಿಗೆ ಇದು 'ಶರಿಯಾನ್' ಆಗಿತ್ತು. ರೋಗಿಯ ಬಾಯಲ್ಲಿ ಆಗಲೂ ನರವೇ.

ಇಲ್ಲೊಂದು ವ್ಯಾಕರಣದ ತೊಡಕು ಬರುತ್ತದೆ. ಮಳಖೇಡವೆಂದರೆ ನೃಪತುಂಗನ ಮಾನ್ಯಖೇಟ, ಸೇಡಂ ತಾಲೂಕಿನದೇ. ಅವನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡಪದವನ್ನೂ ಸಂಸ್ಕೃತಪದವನ್ನೂ ವಿವೇಕವಿಲ್ಲದೆ ಸಮಾಸಮಾಡುವುದನ್ನು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಹಳಿಯುತ್ತದೆ. 'ಎದೆಧಮನಿ', 'ಒಳಧಮನಿ' ಇವು ಅರಿಸಮಾಸಗಳೇ. ಈ ಭಾಷಣದ ಹೆಸರೇ ಅಪರಾಧಿ. ಮಾರ್ಗಕಾರನಿಗೆ ಅಂಜುವವರು 'ಎದೆಯ ಒಳಗಿನ ಧಮನಿ' ಎಂದು ಬಿಡಿಸಿ ಬರೆಯಲಿ. ಸಮಾಸವೇ ಇಲ್ಲದಮೇಲೆ ದೋಷವೆಲ್ಲಿ? ಒಪ್ಪಿಗೆಪತ್ರಕ್ಕೆ ಅದೇ ಮೇಲು.

ಈ ಮಾತಿಗೆ ಈಗ ಅವಸರವೂ ಬಂದಿದೆ. ರೈಲಿಲ್ಲದ ಚಿಂಚೋಳಿಯಿಂದ ಎದೆನೋವಿನವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಿದ್ದ ಕಾಲವಿತ್ತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯ ಕಟ್ಟಡ ತೆರೆಯಿತು. ಇನ್ನು ಇಂಥ ಪತ್ರಗಳನ್ನು ಕನ್ನಡದಲ್ಲಿ ಓದಿ ಸಹಿ ಹಾಕತಕ್ಕವರು ನಮ್ಮ ತಾಲೂಕುಗಳ ಜನರೇ.

ಕಾಕನವರ ಕಥೆ ಮುಗಿದಿಲ್ಲ. ಮೂರನೆಯ ದಿನ ನಮ್ಮ ಸೀಮೆಯವನೇ ಆದ ಒಬ್ಬ ಕಿರಿಯ ವೈದ್ಯನು ಬಂದು, ಅವರ ಎದೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಗೆರೆಯೆಳೆದು, "ಕಾಕಾ, ಇದು ನಿಮ್ಮದೇ ಎದಿ ಒಳಗಿನ ನರ ರೀ. ಇದರ ತುದಿ ಬಿಚ್ಚಿ ಆ ಕಡಿ ತಿರುವಿ ಹೊಲೀತೀವಿ" ಎಂದನು. ಕಾಕನವರು ಪತ್ರದಲ್ಲಿದ್ದ 'ಸ್ತನ'ವನ್ನು ಹೊಡೆದುಹಾಕಿ, ಮೇಲೆ 'ಎದಿ' ಎಂದು ತಮ್ಮ ಕೈಯಿಂದಲೇ ಬರೆದು, ಸಹಿ ಹಾಕಿದರು. ಮನೆಗೆ ಬಂದಮೇಲೆ ಬಿಡುಗಡೆಯ ಚೀಟಿಯನ್ನು ನಮಗೆ ತೋರಿಸಿದರು. ಅದರಲ್ಲಿ ಆ ಧಮನಿಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನಷ್ಟೆ ಕೂಡಿಸಿ 'ಲೀಮಾ' ಎಂದು ಬರೆದಿದ್ದರು. "ಈ ಲೀಮಾ ಯಾರು ತಮ್ಮಾ?" ಎಂದು ಕೇಳಿದರು.