ಪುಲ್ಲಿ ಬದಲಿಸಿ ಕೆಟ್ಟ ಎಂಜಿನ್ನು



ಗಬ್ಬೂರಿನ ಸುತ್ತ ಹಳ್ಳ, ಬಾವಿಗಳ ನೀರೆತ್ತಲು ಡೀಸೆಲ್ ಎಂಜಿನ್ನು ಇಟ್ಟವರುಂಟು. ಮೆಣಸಿನ ಗಿಡ ಹೂವಿಗೆ ಬಂದಾಗ ಅದು ನಿಂತರೆ ಬೆಳೆ ಕೈಬಿಟ್ಟಂತೆಯೇ. ಆದರೂ ಕೆಲವರು ನೀರು ಹೆಚ್ಚು ಬರಲೆಂದು ಎಂಜಿನ್ನಿನ 6 ಅಂಗುಲದ ಪುಲ್ಲಿ ತೆಗೆದು 8 ಅಂಗುಲದ್ದು ತಾವೇ ಹಾಕುತ್ತಾರೆ. ಪಂಪಿನ ವೇಗ ಮೂರನೇ ಒಂದು ಪಾಲು ಏರುವುದು ನಿಜ. ಆದರೆ ಭಾರ ಎರಡು ಪಟ್ಟಿಗೂ ಮೀರುತ್ತದೆ. 5 ಅಶ್ವಶಕ್ತಿ ಸಾಕಾಗಿದ್ದಲ್ಲಿ ಸುಮಾರು 12 ಬೇಕು. ಎತ್ತು ಒಂದೇ ಜೋಡಿ, ಹೇರು ಎರಡು ಬಂಡಿಯದು! ಕಪ್ಪು ಹೊಗೆ ಏಳುತ್ತದೆ, ಹೆಡ್ಡು ಕಾಯುತ್ತದೆ. ಆಗ ಗವರ್ನರಿನ ಸ್ಪ್ರಿಂಗು ಬಿಗಿ ಮಾಡೋದು ಎರಡನೇ ತಪ್ಪು ನೋಡ್ರಿ.

ಆದದ್ದಾಯಿತು. ಮೊದಲು ಎಂಜಿನ್ನು ಆರಲಿ. ಕಾದ ಹೆಡ್ಡಿಗೆ ತಣ್ಣೀರು ಸುರಿದರೆ ಸೀಳೀತು. ಹಳೇ ಪುಲ್ಲಿ ಹಾಕಿ, ದಾರ ಹಿಡಿದು ಎರಡೂ ಪುಲ್ಲಿ ಒಂದೇ ಸಾಲಿಗಿವೆಯೇ ನೋಡಿರಿ. ಆಮೇಲೆ ಎಣ್ಣೆ ಕಡ್ಡಿ ಎಳೆಯಿರಿ. ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಎಣ್ಣೆ ಮಜ್ಜಿಗೆಯಂತಾಗಿದ್ದರೆ ಗ್ಯಾಸ್ಕೆಟ್ಟು ಸುಟ್ಟು ನೀರು ಇಳಿದಿರಬೇಕು. ಹಾಗೇ ಓಡಿಸಬ್ಯಾಡ್ರಿ, ಬೇರಿಂಗು ಉಳಿಯವು. ಗ್ಯಾಸ್ಕೆಟ್ಟು, ಎಣ್ಣೆ ಎರಡೂ ಹೊಸದಾಗಲಿ. ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ವೇಗ ಎಂಜಿನ್ನಿನ ಫಲಕದಲ್ಲಿ ಬರೆದಷ್ಟೇ ಇರಲಿ. ಮಿಸ್ತ್ರಿಯಿಂದ ಮೀಟರು ಹಿಡಿಸಿರಿ, ಕಿವಿಗೆ ಅದು ತಿಳಿಯದು.

ನೀರು ಇನ್ನೂ ಸಾಲದೆ? ಫುಟ್‌ವಾಲ್ವಿನ ಕಸ ತೆಗೆದು, ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿರಿ.