ಕೋವಿಯ ಕುದುರೆ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಹಿಂದೂಪುರದಲ್ಲಿ ಮಾಡಿದ ಭಾಷಣ)



ಈ ಶುಭ ಸಮಾರಂಭದಲ್ಲಿ ಎರಡು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾವು ಹೇಳುವೆವೆಂದು ತಾವು ಎಣಿಸಿರಬಹುದು. ನಾವಾದರೋ ಒಂದು ಮುರಿದ ಕೋವಿಯ ವಿಷಯವನ್ನು ಹೇಳಲು ಬಂದಿದ್ದೇವೆ. ಕನ್ನಡ ಪಂಡಿತರಿಗೂ ಕೋವಿಗೂ ಏನು ನಂಟೆಂದು ನಗಬೇಡಿ. ಹಾಗೆ ನಕ್ಕು ನಾವು ಒಮ್ಮೆ ತಪ್ಪಿದ್ದೇವೆ; ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಭಾಷಣ.

ಒಂದು ದಿನ ತರಗತಿಯಲ್ಲಿ ಹಲಗಲಿಯ ಬೇಡರ ಪ್ರಸಂಗವನ್ನು ಹೇಳುತ್ತಿದ್ದೆವು. 1857ರಲ್ಲಿ ಆಂಗ್ಲ ಸರ್ಕಾರವು ಪ್ರಜೆಗಳ ಆಯುಧಗಳನ್ನು ಕಸಿಯಲು ಕಾಯ್ದೆ ಮಾಡಿದಾಗ, ಮುಧೋಳ ಸೀಮೆಯ ಹಲಗಲಿಯವರು ಒಪ್ಪದೆ ಕಾದಿ ಮಡಿದರು. ಅವರನ್ನು ಕುರಿತ ಲಾವಣಿಯನ್ನು ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ಸಂಗ್ರಹಿಸಿ ಪ್ರಕಟಿಸಿದರು. ಕಥೆ ಮುಗಿಯುತ್ತಲೇ ಕಲ್ಯಾಣದುರ್ಗದ ಕಡೆಯ ಹುಡುಗನೊಬ್ಬನು ಎದ್ದು, “ಸಾರ್, ನಮ್ಮ ಮನೆಯಲ್ಲೂ ಕೋವಿ ಇದೆ. ಆದರೆ ಅದರ ಕುದುರೆ ಮುರಿದುಹೋಗಿದೆ” ಎಂದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ನಾವೂ ಇದ್ದೆವು. ಹುಡುಗನು ತಲೆ ತಗ್ಗಿಸಿ ಕುಳಿತನು.

ಮುಂದಿನ ಭಾನುವಾರ ಮನಸ್ಸು ತಡೆಯದೆ ಅವನ ಮನೆಗೆ ಹೋದೆವು. ಅದು ಬಾಯಿಂದ ಮದ್ದು ತುಂಬಿ ಗಜದಿಂದ ಇಡಿಯುವ ಹಳೆಯ ಕೋವಿ. ಕಡಲೆಕಾಯಿ ಹೊಲವನ್ನು ಹಂದಿಗಳಿಂದ ಕಾಯಲೆಂದು ಅಜ್ಜನ ಕಾಲದಿಂದಲೂ ಪರವಾನಗಿ ಪಡೆದದ್ದು. ಬೆಳೆ ಕಾಯಲು ಇಂಥ ಕೋವಿಗೆ ಪರವಾನಗಿ ಕೊಡುವ ವಿಷಯವನ್ನು 1959ರ ಆಯುಧ ಕಾಯ್ದೆಯೇ ಪ್ರತ್ಯೇಕವಾಗಿ ಹೇಳುತ್ತದೆ. ಅಪ್ಪಣೆಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆ ಬಿಡದು. ಈ ಮನೆಯವರು ಸದ್ದು ಮಾಡಿ ಹಂದಿಗಳನ್ನು ಬೆದರಿಸುತ್ತಿದ್ದರು, ಅಷ್ಟೆ. ಆ ಸದ್ದೂ ಈಗ ನಿಂತಿತ್ತು.

ಇಂಥ ಕೋವಿಗೆ ಮುಖ್ಯವಾಗಿ ನಾಲ್ಕು ಅಂಗಗಳು: ನಳಿಗೆ, ಮರದ ಹಿಡಿ, ಗಜ, ಮದ್ದು ಸಿಡಿಸುವ ಯಂತ್ರ. ಹಿಡಿಗೆ ನಮ್ಮ ಬಡಗಿಗಳ ಕೈ ಸಾಕು. ಒಳ್ಳೆಯ ನಳಿಗೆ ಮೂರು ತಲೆಮಾರು ಬಾಳುತ್ತದೆ. ಕೈಕೊಡುವುದು ನಾಲ್ಕನೆಯದು. ಬೆರಳಿನಿಂದ ಮೀಟಿದೊಡನೆ ಉಕ್ಕಿನ ಕಮಾನು ಕುದುರೆಯನ್ನು ಕೇಪಿನ ಮೇಲೆ ಬಡಿಯುತ್ತದೆ. ಕಿಡಿ ಮದ್ದಿಗೆ ಹರಿಯುತ್ತದೆ. ಕಮಾನು ಅತಿ ಗಡುಸಾದರೆ ಮುರಿಯುತ್ತದೆ, ಮೆದುವಾದರೆ ಮರಳಿ ಚಿಮ್ಮದು. ಈ ಹದವನ್ನು ಬಲ್ಲವರು ವಿರಳ.

ಈ ಅಂಗಗಳಿಗಾಗಿ ಅಲೆದವರಲ್ಲಿ ನಾವು ಮೊದಲಿಗರಲ್ಲ. ಕೇಪು ಬರುವುದಕ್ಕೆ ಮೊದಲು ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಇರುತ್ತಿತ್ತು. ಇಂಗ್ಲೆಂಡಿನ ಬ್ರಾಂಡನ್ ಎಂಬ ಊರಿನವರು ಆ ಕಲ್ಲನ್ನು ಸೀಳಿ ಸೈನ್ಯಕ್ಕೆ ಒದಗಿಸುತ್ತಿದ್ದರು. ಟಿಪ್ಪು ಸುಲ್ತಾನನ ಕಾರ್ಖಾನೆಗಳ ಕೋವಿಗಳಲ್ಲಿ ಕುದುರೆಗೆ ಹುಲಿಯ ರೂಪ ಕೊಟ್ಟದ್ದುಂಟು. 1800ರಲ್ಲಿ ಸಂಚಾರ ಮಾಡಿದ ಬುಕಾನನ್, ನಮ್ಮ ನೆರೆಯ ಮಧುಗಿರಿ, ಚನ್ನರಾಯದುರ್ಗಗಳ ಸುತ್ತಿನಲ್ಲಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದ ರೈಫಲ್ಲಾದರೆ ಕಷ್ಟ ಇಮ್ಮಡಿ. 1857ರ ದಂಗೆಗೆ ಕಿಡಿಯಾದ ಎನ್‌ಫೀಲ್ಡ್ ಸಹ ಬಾಯಿಂದ ತುಂಬುವ ರೈಫಲ್ಲೇ. ಇಂದಿಗೂ ಪರದೇಶಗಳಲ್ಲಿ ಹಳೆಯ ಮಾದರಿಯ ರೈಫಲನ್ನು ಹವ್ಯಾಸಕ್ಕಾಗಿ ಕಟ್ಟುವವರು, ಸಿಡಿಸುವ ಯಂತ್ರವನ್ನು ಅದರಲ್ಲಿಯೇ ಪಳಗಿದವರಿಂದ ತರಿಸಿಕೊಳ್ಳುವುದುಂಟು.

ಹುಡುಗನ ತಂದೆ ಎರಡು ವರ್ಷಗಳಿಂದ ಹುಡುಕುತ್ತಿದ್ದರು. ತರಗತಿಯಲ್ಲಿ ನಗೆಪಾಟಲಾದ ಮಗನು, ಇನ್ನು ಆ ಮಾತು ಬೇಡವೆಂದು, ದೂರದ ಅಂಗಡಿಯೊಂದಕ್ಕೆ “ಟ್ರಿಗರ್ ಬೇಕು” ಎಂದು ಅಪ್ಪನ ಪರವಾಗಿ ಕಾಗದ ಬರೆದನು. ಅಲ್ಲಿಂದ ಬಂದ ಉತ್ತರ ಬೆರಳಿನಿಂದ ಮೀಟುವ ತುಂಡಿನ ಬಗೆಗೆ. ಅದು ಸರಿಯಾಗಿಯೇ ಇತ್ತು. ಪತ್ರವ್ಯವಹಾರದಲ್ಲಿ ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ಹಂದಿಗಳು ಹೊಲದ ಒಂದು ಮಗ್ಗುಲನ್ನೇ ಉತ್ತುಹಾಕಿದ್ದವು. “ಕೋವಿಯನ್ನು ಠಾಣೆಗೆ ಒಪ್ಪಿಸಿಬಿಡೋಣವೆ ಮೇಷ್ಟ್ರೆ?” ಎಂದು ತಂದೆ ನಮ್ಮನ್ನು ಕೇಳಿದರು. ನಮ್ಮ ನಗೆಯ ಬೆಲೆ ನಮಗೆ ಅಂದು ತಿಳಿಯಿತು.

ಹಿಂದೂಪುರದಲ್ಲಿ ಮುದುಕರಾದ ಕಮ್ಮಾರರೊಬ್ಬರನ್ನು ಕಂಡೆವು. ಅವರ ಮನೆಮಾತು ತೆಲುಗು. ನಾವು ನಾಚುತ್ತಲೇ “ಕುದುರೆ ಮುರಿದಿದೆ” ಎಂದೆವು. “ಗುರ್ರಮಾ, ಅಯ್ಯವಾರು?” ಎಂದು ಅವರು ಥಟ್ಟನೆ ಹೆಬ್ಬೆರಳನ್ನು ಹಿಂದಕ್ಕೆಳೆದು ಕುದುರೆ ಏರಿಸುವ ಬಗೆಯನ್ನು ತೋರಿಸಿದರು. ಆದರೆ ಕೆಲಸ ಒಪ್ಪಲಿಲ್ಲ. ಕೋವಿಯನ್ನು ಮಾಡುವುದಿರಲಿ, ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಅದು ತಮಗಿಲ್ಲವೆಂದು ನೇರವಾಗಿ ಹೇಳಿ, ಪರವಾನಗಿಯುಳ್ಳ ಕುಶಲಿಯೊಬ್ಬರ ವಿಳಾಸವನ್ನು ತಿಳಿಸಿದರು. ಆ ಕುಶಲಿ ತಮಿಳರು. ಕಾಗದಪತ್ರಗಳೊಡನೆ ಹೋದಾಗ ನಾವು ಸುಮ್ಮನಿದ್ದು ಹುಡುಗನನ್ನೇ ಮುಂದೆ ಬಿಟ್ಟೆವು. “ಕುದುರೆ” ಎಂದನು ಅವನು. “ಕುದಿರೈ” ಎಂದು ನಕ್ಕು ಅವರು ಕೋವಿಯನ್ನು ಕೈಗೆತ್ತಿಕೊಂಡರು. ಆ ನಗೆ ನಮ್ಮ ನಗೆಯಂಥದಲ್ಲ. ಹಿಂದಿಯವರಿಗೂ ಅದು ಘೋಡಾ ಎಂದೇ ಆಮೇಲೆ ತಿಳಿಯಿತು.

ಅರದಿಂದ ತಿದ್ದಿ ತೀಡಿ ಹೊಸ ಕುದುರೆ ಕೂಡಿಸಲು ಅವರಿಗೆ ಮೂರು ತಿಂಗಳು ಬೇಕಾಯಿತು. ಕೋವಿ ಮನೆಗೆ ಬರುವ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಆ ವರ್ಷದ ನಷ್ಟವನ್ನು ತುಂಬಿಕೊಡುವ ಶಕ್ತಿ ನಮಗಿಲ್ಲ. ಮರುದಿನ ತರಗತಿಯ ಮುಂದೆ ನಾವು ಆ ಹುಡುಗನ ಕ್ಷಮೆ ಕೇಳಿ, ಕೋವಿಯ ಅಂಗಗಳ ಹೆಸರನ್ನೆಲ್ಲ ಅವನ ಬಾಯಿಂದಲೇ ಹೇಳಿಸಿ ಹಲಗೆಯ ಮೇಲೆ ಬರೆದೆವು.

ಬಂಧುಗಳೆ, ಗಡಿಯಲ್ಲಿ ಬಾಳುವ ನಮ್ಮ ಮಕ್ಕಳು ಮನೆಯ ಮಾತನ್ನು ಶಾಲೆಗೆ ತರುವಾಗ ಅಂಜುತ್ತಾರೆ. ಏತ, ಗಾಣ, ನೇಗಿಲು, ಮಗ್ಗ, ಇವುಗಳ ಒಂದೊಂದು ಅಂಗಕ್ಕೂ ನಿಮ್ಮ ಮನೆಯ ಹಿರಿಯರ ಬಳಿ ಹೆಸರುಂಟು. ಈ ವರ್ಷ ಒಂದೊಂದು ಮನೆಯವರು ಒಂದು ಪುಸ್ತಕದಲ್ಲಿ ಅವನ್ನು ಬರೆದು ಸಂಘಕ್ಕೆ ಒಪ್ಪಿಸಿರಿ. ಮುರಿದ ಕುದುರೆಯನ್ನು ಮೂರು ತಿಂಗಳಲ್ಲಿ ಮತ್ತೆ ಮಾಡಬಹುದು. ಅದರ ಹೆಸರು ಹೋದರೆ ಏನನ್ನು ಕೇಳಬೇಕೆಂಬುದೇ ತಿಳಿಯದಾಗುತ್ತದೆ.