ಕಾವಿನ ಲೆಕ್ಕ



ಮಡಿಕೇರಿಯ ಮಳೆಗಾಲವನ್ನು ಕಂಡವರಿಗೆ ಚಳಿಯನ್ನು ವರ್ಣಿಸಬೇಕಾಗಿಲ್ಲ. ಒಗೆದ ಬಟ್ಟೆ ವಾರವಾದರೂ ಒಣಗದು. ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ವಿದ್ಯುತ್ತೂ ಇಲ್ಲ. ನಿವೃತ್ತನಾಗಿ ಅಲ್ಲಿ ನೆಲೆಸಿದ ನಾನು ಅಂಥದೊಂದು ರಾತ್ರಿ, ನನ್ನ ಶ್ರೀಮತಿಗೆ ಉಬ್ಬಸ ಹೆಚ್ಚಾದುದನ್ನು ಕಂಡು, ಕೋಣೆಯ ಹೀಟರನ್ನು ಇನ್‌ವರ್ಟರಿಗೆ ಜೋಡಿಸಿದೆ. ಯಂತ್ರ ಒಮ್ಮೆ ಚೀರಿತು. ಮರುಕ್ಷಣವೇ ಉರಿಯುತ್ತಿದ್ದ ದೀಪವೂ ಆರಿತು. ಆಕೆಗೆ ಔಷಧಿಯ ಹಬೆ ಕೊಡುವ ನೆಬುಲೈಸರೂ ನಿಂತಿತು. "ಛಂದಸ್ಸಿನ ಮಾತ್ರೆ ಎಣಿಸುವವರಿಗೆ ಇದರ ಲೆಕ್ಕ ತಿಳಿಯಲಿಲ್ಲವೇನ್ರೀ?" ಎಂದಳು ಆಕೆ, ಏದುಸಿರಿನ ನಡುವೆಯೇ.

ಲೆಕ್ಕವೇನೋ ಸರಳ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ನಮ್ಮ ಹೀಟರು 2000 ವ್ಯಾಟಿನದು. ಗಂಟೆಗೆ ಎರಡು ಯೂನಿಟ್. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ದೀಪವೊಂದು 220 ಗಂಟೆಗೂ ಹೆಚ್ಚು ಕಾಲ ಬೆಳಗಬಲ್ಲುದು. ತಂತಿಯಲ್ಲಿ ಹುಟ್ಟುವ ಕಾವು ವಿದ್ಯುತ್‌ಪ್ರವಾಹದ ವರ್ಗಕ್ಕೆ ಅನುಗುಣವಾದುದೆಂದು ಜೇಮ್ಸ್ ಜೂಲ್ 1841ರಲ್ಲಿಯೇ ಪ್ರಕಟಿಸಿದ್ದನು. ಹೀಟರು ತಾನು ಪಡೆದ ವಿದ್ಯುತ್ತನ್ನೆಲ್ಲ ಕಾವಾಗಿಯೇ ಹಿಂದಿರುಗಿಸುತ್ತದೆ, ಅದರಲ್ಲಿ ವಂಚನೆಯಿಲ್ಲ. ಸೋರುವುದು ನಮ್ಮ ಹೆಂಚಿನ ಸಂದಿನಲ್ಲಿ, ಕಿಟಕಿಯ ಬಿರುಕಿನಲ್ಲಿ.

ಇನ್ನು ಬ್ಯಾಟರಿಯ ಮಾತು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಗುಣಾಕಾರ ಮಾಡಿದರೆ ದೊರೆಯುವುದು 1800 ವ್ಯಾಟ್-ಗಂಟೆ. ಕಾಗದದ ಮೇಲೆ ಸಹ ಅದು ನಮ್ಮ ಹೀಟರಿಗೆ ಒಂದು ಗಂಟೆ ಸಾಲದು. ಭಾರವಾದ ಹೊರೆ ಬಿದ್ದಾಗ ಸೀಸ-ಆಮ್ಲದ ಬ್ಯಾಟರಿ ತನ್ನ ಸಂಗ್ರಹವನ್ನು ಪೂರ್ಣವಾಗಿ ಕೊಡುವುದೂ ಇಲ್ಲ. ಅದಕ್ಕೂ ಮುನ್ನ, ಏಳೆಂಟು ನೂರು ವ್ಯಾಟಿಗೆಂದು ರಚಿತವಾದ ಮನೆಯ ಇನ್‌ವರ್ಟರು ಆ ಹೊರೆಯನ್ನು ಹೊರಲಾರದೆ ಕೈಚೆಲ್ಲುತ್ತದೆ. ಅದೇ ಬ್ಯಾಟರಿ ನಾಲ್ಕು ದೀಪಗಳನ್ನೂ, ಆಗಾಗ ಬೇಕಾಗುವ ನೆಬುಲೈಸರನ್ನೂ ಒಂದು ರಾತ್ರಿ ನಿರಾಯಾಸವಾಗಿ ನಡೆಸಬಲ್ಲುದು.

ಹೀಟರನ್ನು ಕಳಚಿ ಇನ್‌ವರ್ಟರನ್ನು ಮತ್ತೆ ಚಾಲೂ ಮಾಡಿದ ಮೇಲೆ ನನಗೆ ಇನ್ನೊಂದು ದುರ್ಬುದ್ಧಿ ಹೊಳೆಯಿತು: ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ತಂದು ಬಾಗಿಲು ಮುಚ್ಚುವುದು. ಶ್ರೀಮತಿ ಕೈಸನ್ನೆಯಿಂದಲೇ ತಡೆದಳು. ಇದ್ದಲು ಉರಿದಾಗ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ಮಲಗಿದವರನ್ನು ಏಳಲಾಗದಂತೆ ಮಾಡುತ್ತದೆ. ಜನರೇಟರಿನ ಹೊಗೆಯಲ್ಲೂ ಇದೇ ವಿಷವಿದೆ. ಅದರ ಸ್ಥಾನ ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರದಲ್ಲಿ, ಜಗಲಿಯಲ್ಲಿಯೂ ಅಲ್ಲ.

ಕಡೆಗೆ ಒಲೆಯ ಮೇಲೆ ನೀರು ಕಾಯಿಸಿ, ರಬ್ಬರಿನ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಆಕೆಯ ಪಾದದ ಬಳಿ ಇಟ್ಟೆ; ಮೇಲೆ ಎರಡು ಕಂಬಳಿ ಹೊದಿಸಿದೆ. ಇಡೀ ಕೋಣೆಯನ್ನು ಕಾಯಿಸುವ ಹಂಬಲವನ್ನು ಬಿಟ್ಟಾಗ, ಒಂದು ಮೈಯನ್ನು ಬೆಚ್ಚಗಿಡುವುದು ಕಷ್ಟವಾಗಲಿಲ್ಲ. ನೆಬುಲೈಸರು ಬೆಳಗಿನವರೆಗೂ ಬೇಕಾದಾಗಲೆಲ್ಲ ನಡೆಯಿತು. ಈ ಮಳೆಗಾಲದಲ್ಲಿ ನಿಮ್ಮ ಮನೆಯ ಬ್ಯಾಟರಿ ಯಾವುದಕ್ಕೆ ಮೀಸಲೆಂಬುದನ್ನು, ಕತ್ತಲಾಗುವ ಮುನ್ನವೇ ನಿಶ್ಚಯಿಸಿಕೊಳ್ಳಿರಿ.